ಮನೆ ಬಿಟ್ಟ ಮೇಲೆ ಅಡ್ವಾನ್ಸ್‌ಗೆ ಕತ್ತರಿ: ಕಾಸರಗೋಡಿನ ಬಾಡಿಗೆದಾರರಿಗೆ ಯಾವ ಕಾನೂನು?

2025ರ ಕೊನೆಯ ತಿಂಗಳುಗಳಿಂದ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಲೇ ಇದೆ. ದೇಶಕ್ಕೆಲ್ಲ ಹೊಸ ಬಾಡಿಗೆ ನಿಯಮ ಬಂದಿದೆಯಂತೆ, ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲವಂತೆ, ಎಗ್ರಿಮೆಂಟನ್ನು 60 ದಿನಗಳೊಳಗೆ ನೋಂದಾಯಿಸದಿದ್ದರೆ ದಂಡವಂತೆ. ಕೆಲವು ಸುದ್ದಿ ತಾಣಗಳು ಕೂಡ ಇದನ್ನು ಜಾರಿಗೆ ಬಂದ ಕಾನೂನೆಂಬಂತೆಯೇ ಬರೆದವು.

ಇದನ್ನು ನಂಬಿದವರಿಗೆ ಪೇಚಾಟವಾಗುವುದು ಮನೆ ಖಾಲಿ ಮಾಡುವ ದಿನ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಕಾಞಂಗಾಡು, ಎಲ್ಲೇ ಆಗಲಿ, ಮಾಲೀಕರು ಪೈಂಟಿಂಗ್‌ಗೆ ಇಷ್ಟು, ನಲ್ಲಿಗೆ ಇಷ್ಟು, ಕ್ಲೀನಿಂಗ್‌ಗೆ ಇಷ್ಟು ಎಂದು ಅಡ್ವಾನ್ಸ್‌ನಲ್ಲಿ ಅರ್ಧಕ್ಕರ್ಧ ಹಿಡಿದುಕೊಂಡಾಗ ಬಾಡಿಗೆದಾರರು ಆ ಸಂದೇಶವನ್ನು ಮುಂದಿಡುತ್ತಾರೆ. ಅಂಥ ಕಾನೂನು ಇಲ್ಲಿಲ್ಲ ಎಂದು ಮಾಲೀಕರು ಹೇಳುತ್ತಾರೆ. ಮಾಲೀಕರ ಆ ಮಾತು ಸರಿ. ಆದರೆ ಅಲ್ಲಿಗೇ ಬಾಡಿಗೆದಾರರು ಸೋತರು ಎಂದು ಇಬ್ಬರೂ ತಿಳಿದುಕೊಳ್ಳುವುದು ತಪ್ಪು. ಇಲ್ಲದ ಹೊಸ ಕಾನೂನನ್ನು ನೆಚ್ಚಿಕೊಂಡು, ಇರುವ ಹಳೆಯ ಕಾನೂನಿನ ಬಲವನ್ನು ಬಿಟ್ಟುಕೊಡುತ್ತಿರುವುದೇ ಇಲ್ಲಿ ಆಗುತ್ತಿರುವ ನಷ್ಟ.

ಎರಡು ತಿಂಗಳ ಮಿತಿ ಎಲ್ಲಿಂದ ಬಂತು

ಈ ಸುದ್ದಿಯ ಬೇರು ಇರುವುದು ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಕೇಂದ್ರ ಸಚಿವ ಸಂಪುಟ ಇದಕ್ಕೆ 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಗರಿಷ್ಠ ಎರಡು ತಿಂಗಳ ಬಾಡಿಗೆ, ಅಂಗಡಿ-ಕಚೇರಿಗಳಿಗೆ ಗರಿಷ್ಠ ಆರು ತಿಂಗಳ ಬಾಡಿಗೆಯಷ್ಟು ಠೇವಣಿ ಎಂದು ಅದರಲ್ಲಿದೆ. ಬಾಡಿಗೆದಾರರು ಮನೆ ಬಿಟ್ಟುಕೊಡುವ ದಿನವೇ, ಬಾಕಿ ಏನಾದರೂ ಇದ್ದರೆ ಕಳೆದು, ಉಳಿದದ್ದನ್ನು ಹಿಂದಿರುಗಿಸಬೇಕು ಎಂದೂ ಇದೆ. ಎಗ್ರಿಮೆಂಟ್ ಆದ ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ, ಅಂದರೆ ಬಾಡಿಗೆ ವ್ಯವಹಾರ ನೋಡಿಕೊಳ್ಳಲು ನೇಮಿಸುವ ಅಧಿಕಾರಿಗೆ, ತಿಳಿಸಬೇಕೆಂಬ ನಿಯಮವೂ ಅದರದ್ದೇ. ಸಂದೇಶದ 60 ದಿನಗಳ ಲೆಕ್ಕ ಇದಕ್ಕೆ ಹೊಂದುತ್ತದೆ.

ಹೆಸರೇ ಹೇಳುವಂತೆ ಇದು ಮಾದರಿ ಮಾತ್ರ. ರಾಜ್ಯದ ವಿಧಾನಸಭೆ ಇದನ್ನು ನೋಡಿ ತನ್ನದೇ ಕಾಯ್ದೆ ಮಾಡಿದರೆ, ಇಲ್ಲವೇ ಇರುವ ಕಾಯ್ದೆಯನ್ನು ತಿದ್ದಿದರೆ ಮಾತ್ರ ಅದಕ್ಕೆ ಜೀವ. ಹಾಗೆ ಬಂದರೂ ಮುಂದಿನ ಎಗ್ರಿಮೆಂಟುಗಳಿಗಷ್ಟೇ ಅನ್ವಯವಾಗಬೇಕು, ಈಗಾಗಲೇ ನಡೆಯುತ್ತಿರುವ ಬಾಡಿಗೆಗಳಿಗೆ ಅಲ್ಲ ಎಂಬುದು ಕೇಂದ್ರದ ಸ್ಪಷ್ಟ ನಿಲುವಾಗಿತ್ತು. ಕೇರಳದಲ್ಲಿ ಈಗಲೂ ನಡೆಯುವುದು 1965ರ ಕೇರಳ ಕಟ್ಟಡಗಳ (ಗುತ್ತಿಗೆ ಮತ್ತು ಬಾಡಿಗೆ ನಿಯಂತ್ರಣ) ಕಾಯ್ದೆ. ಅದರ ಗಮನವೆಲ್ಲ ಬಾಡಿಗೆ ಎಷ್ಟಿರಬೇಕು, ಬಾಡಿಗೆದಾರರನ್ನು ಯಾವ ಕಾರಣಕ್ಕೆ ತೆರವು ಮಾಡಿಸಬಹುದು ಎಂಬುದರ ಮೇಲೆ. ಮನೆ ಬಿಟ್ಟು ಹೋದವರ ಅಡ್ವಾನ್ಸ್ ತಗಾದೆಯನ್ನು ತೀರಿಸುವ ವ್ಯವಸ್ಥೆ ಅದರಲ್ಲಿಲ್ಲ.

ಕಾನೂನು ಮನೆಯ ಜೊತೆಗಿರುತ್ತದೆ

ಗಡಿ ಜಿಲ್ಲೆಯಲ್ಲಿ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ಬಾಡಿಗೆದಾರರ ಊರು ಯಾವುದು, ಮಾಲೀಕರ ಭಾಷೆ ಯಾವುದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮನೆ ನಿಂತಿರುವ ನೆಲ ಯಾವ ರಾಜ್ಯದ್ದೋ ಆ ರಾಜ್ಯದ ಬಾಡಿಗೆ ಕಾನೂನು. ತಲಪಾಡಿಯ ಗೇಟಿನ ಈಚೆಗೊಂದು ಕಾಯ್ದೆ, ಆಚೆಗೊಂದು. ಮಂಜೇಶ್ವರದವರು ಮಂಗಳೂರಿನಲ್ಲಿ ಮನೆ ಮಾಡಿದರೆ ಅಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಅದು ತಿಂಗಳಿಗೆ 3,500 ರೂಪಾಯಿ, ಕೆಲವು ಪ್ರದೇಶಗಳಲ್ಲಿ 2,000 ರೂಪಾಯಿ ದಾಟಿದ ಬಾಡಿಗೆಗಳಿಗೆ ಅನ್ವಯಿಸುವುದೇ ಇಲ್ಲ. ಇಂದಿನ ಬಾಡಿಗೆಗಳನ್ನು ನೋಡಿದರೆ ಬಹುತೇಕ ಮನೆಗಳು ಅದರ ಹೊರಗೇ ಉಳಿದಂತಾಯಿತು.

ಉಳಿದ ಗಡಿಗಳಲ್ಲಿ ಪರಿಸ್ಥಿತಿ ಬೇರೆ. ತಮಿಳುನಾಡಿನಲ್ಲಿ 2017ರಲ್ಲಿ ಆದ ಹೊಸ ಕಾಯ್ದೆ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಎಗ್ರಿಮೆಂಟಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು, ಮನೆ ಬಿಟ್ಟ ಒಂದು ತಿಂಗಳೊಳಗೆ ಅದನ್ನು ವಾಪಸ್ ಕೊಡಬೇಕು ಎನ್ನುತ್ತದೆ ಅದು. ಹೊಸೂರು, ತಾಳವಾಡಿ ಕಡೆಯ ಕನ್ನಡಿಗರಿಗೆ ಈ ಆಸರೆ ಇದೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದವರಿಗೆ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಇದೆ. ಎಗ್ರಿಮೆಂಟನ್ನು ಬರೆದು ನೋಂದಾಯಿಸುವ ಹೊಣೆ ಅಲ್ಲಿ ಮಾಲೀಕರದ್ದು. ನೋಂದಣಿ ಆಗದಿದ್ದರೆ, ಷರತ್ತು ಹೀಗಿತ್ತು ಎಂದು ಬಾಡಿಗೆದಾರರು ಹೇಳುವುದನ್ನೇ, ಸುಳ್ಳೆಂದು ಸಾಬೀತಾಗುವವರೆಗೆ, ನಂಬಬೇಕು. ಮಾಲೀಕರನ್ನು ಕಾಗದಕ್ಕೆ ಬಗ್ಗಿಸಲು ಇಷ್ಟು ಗಟ್ಟಿಯಾದ ನಿಯಮ ಕಾಸರಗೋಡಿನವರ ಕೈಯಲ್ಲಿಲ್ಲ. ಇವರು ನಿಲ್ಲಬೇಕಾದದ್ದು ದೇಶಕ್ಕೆಲ್ಲ ಅನ್ವಯಿಸುವ ಎರಡು ಹಳೆಯ ಕಾಯ್ದೆಗಳ ಮೇಲೆ: 1872ರ ಕರಾರು ಕಾಯ್ದೆ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಕಡಿತಕ್ಕೆ ಕಾರಣ ತೋರಿಸಬೇಕಾದವರು ಯಾರು

ಅಡ್ವಾನ್ಸ್ ಬಾಡಿಗೆಯಲ್ಲ, ಮಾಲೀಕರ ಆದಾಯವೂ ಅಲ್ಲ. ಬಾಡಿಗೆ ಬಾಕಿಯಾದರೆ, ಮನೆಗೆ ಹಾನಿಯಾದರೆ ಇರಲಿ ಎಂದು ಇಟ್ಟ ಭದ್ರತೆ. ಆ ಕಾರಣಗಳು ಇಲ್ಲದಿದ್ದರೆ ಅದು ಪೂರ್ತಿಯಾಗಿ ವಾಪಸ್ ಬರಬೇಕಾದ ಹಣ. ಇಷ್ಟನ್ನು ಯಾವ ಮಾಲೀಕರೂ ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಹೊರಡುವ ಮುಂದಿನ ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಡಿತ ಮಾಡುವವರೇ ಎರಡು ವಿಷಯ ತೋರಿಸಿಕೊಡಬೇಕು: ಬಾಡಿಗೆದಾರರ ತಪ್ಪಿನಿಂದ ನಷ್ಟ ಆಗಿದೆ ಎಂಬುದು, ಆ ನಷ್ಟ ಇಷ್ಟು ರೂಪಾಯಿ ಎಂಬುದು.

ಕರಾರು ಕಾಯ್ದೆಯ 73ನೇ ಕಲಂ ಕೊಡುವುದು ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟಕ್ಕೆ ಪರಿಹಾರ. ಮುರಿದರೆ ಇಷ್ಟು ಎಂದು ಮೊದಲೇ ಬರೆದಿಟ್ಟಿದ್ದರೂ, 74ನೇ ಕಲಮಿನ ಪ್ರಕಾರ ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರ ಅಷ್ಟೆ. ಬರೆದ ಮೊತ್ತ ಮೇಲಿನ ಗೆರೆ. ತನ್ನಷ್ಟಕ್ಕೇ ಪೂರ್ತಿ ಸಿಗುವ ಹಕ್ಕು ಅದಲ್ಲ. 1963ರ ಫತೇಚಂದ್ ಪ್ರಕರಣದಿಂದ 2015ರ ಕೈಲಾಸನಾಥ್ ಅಸೋಸಿಯೇಟ್ಸ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಈ ನಿಲುವಿನಲ್ಲೇ ಇದೆ. ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಬರುವಂತಿದ್ದರೆ ತೋರಿಸಲೇಬೇಕು. ಹನ್ನೊಂದು ತಿಂಗಳು ತುಂಬುವ ಮೊದಲೇ ಬಿಟ್ಟರೆ ಅಡ್ವಾನ್ಸ್ ಇಡೀ ಮುಟ್ಟುಗೋಲು ಎಂಬ ಸಾಲಿನ ಎದುರು ಬಾಡಿಗೆದಾರರಿಗಿರುವ ಗಟ್ಟಿ ವಾದ ಇದೇ.

ಒಂದು ಎಚ್ಚರ ಬೇಕು. ಮನೆ ಬಿಡುವಾಗ ಪೈಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು ಎಂಬ ಸಾಲು ಎಷ್ಟೋ ಎಗ್ರಿಮೆಂಟುಗಳಲ್ಲಿ ಇರುತ್ತದೆ. ಇದು ಕರಾರು ಮುರಿದದ್ದಕ್ಕೆ ದಂಡವಲ್ಲ, ಇಬ್ಬರೂ ಒಪ್ಪಿ ಸಹಿ ಹಾಕಿದ ವೆಚ್ಚ. ಆದ್ದರಿಂದ 74ನೇ ಕಲಂ ಹಿಡಿದು ಇದನ್ನು ಕೆಡವುವುದು ಕಷ್ಟ. ಬೇಡವೆನ್ನಬೇಕಾದದ್ದು ಸಹಿ ಹಾಕುವ ಮೊದಲು. ಎಗ್ರಿಮೆಂಟ್ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು, ಕನ್ನಡ ಮಾತ್ರ ಓದಬಲ್ಲವರು ಬ್ರೋಕರ್ ಬೆರಳಿಟ್ಟಲ್ಲಿ ಸಹಿ ಹಾಕಿ ಬರುವ ಪದ್ಧತಿ ಇಲ್ಲಿ ಬಹಳ ನಷ್ಟ ತರುತ್ತಿದೆ. ಸಾಲು ಸಾಲಾಗಿ ಓದಿಸಿಕೊಳ್ಳಲು, ಕನ್ನಡದಲ್ಲೊಂದು ಪ್ರತಿ ಬರೆಸಿಕೊಳ್ಳಲು ಸಂಕೋಚ ಬೇಕಿಲ್ಲ.

ಸವಕಳಿಯೇ, ಹಾನಿಯೇ?

ಜಗಳದ ಹೃದಯ ಇರುವುದು ಇಲ್ಲಿ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ, ಬೇರೆ ಕರಾರಿಲ್ಲದಿದ್ದಾಗ, ಬಾಡಿಗೆದಾರರ ಮೇಲೆ ಹೊರಿಸುವ ಹೊಣೆ ಸ್ಪಷ್ಟವಾಗಿದೆ: ಮನೆಯನ್ನು ಯಾವ ಸ್ಥಿತಿಯಲ್ಲಿ ಪಡೆದರೋ ಅದೇ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಅದಕ್ಕೆ ಹೊರತಾದದ್ದು ಎರಡು. ಸಹಜ ಬಳಕೆಯಿಂದಾದ ಸವಕಳಿ ಒಂದು, ತಡೆಯಲಾಗದ ಶಕ್ತಿಯಿಂದಾದ ಬದಲಾವಣೆ ಇನ್ನೊಂದು. ಇವೆರಡರ ಖರ್ಚು ಮಾಲೀಕರದ್ದು.

ಬಯಲುಸೀಮೆಯಲ್ಲಿ ಈ ಗೆರೆ ಎಳೆಯುವುದು ಸ್ವಲ್ಪ ಸುಲಭ. ಕರಾವಳಿಯಲ್ಲಿ ಹವೆಯೇ ಒಬ್ಬ ಕಕ್ಷಿದಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಳೆಗೆ ಕೆಂಪುಕಲ್ಲಿನ ಗೋಡೆ ಹೊರಗಿನಿಂದ ನೀರು ಕುಡಿದು ಒಳಗಿನ ಪೈಂಟನ್ನು ಉಬ್ಬಿಸುತ್ತದೆ. ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಕಡಲ ಗಾಳಿಗೆ ಕಿಟಕಿಯ ಸರಳು, ಬಾಗಿಲ ತಿರುಗಣೆ, ಗೇಟು ತುಕ್ಕು ಹಿಡಿಯುತ್ತವೆ. ಕಬ್ಬಿಣದ ಅಂಶವಿರುವ ಬಾವಿನೀರು ಬಾತ್‌ರೂಮಿನ ಟೈಲ್ಸಿನ ಮೇಲೆ ಕೆಂಪು ಕಲೆ ಬಿಡುತ್ತದೆ. ಮಳೆಗಾಲ ಕಳೆದು ಮನೆ ಖಾಲಿ ಮಾಡಿದವರ ಮೇಲೆ ಇಷ್ಟನ್ನೂ ಹೊರಿಸಿದರೆ ಅದು ಅನ್ಯಾಯ. ಯಾರು ವಾಸವಿದ್ದರೂ, ಯಾರೂ ಇಲ್ಲದೆ ಬೀಗ ಹಾಕಿದ್ದರೂ ಆಗುತ್ತಿದ್ದದ್ದು ಬಾಡಿಗೆದಾರರ ಹಾನಿ ಹೇಗಾಗುತ್ತದೆ? ಯಾವ ತಕರಾರಿನಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ಬದಿಯೂ ಇದೆ. ಅಡುಗೆಮನೆಯ ಎಣ್ಣೆಹೊಗೆಯನ್ನು ವರ್ಷಗಟ್ಟಲೆ ಒರೆಸದೆ ಬಿಟ್ಟದ್ದು, ಒದ್ದೆ ಬಟ್ಟೆಯನ್ನು ಕಿಟಕಿ ಮುಚ್ಚಿ ಕೋಣೆಯೊಳಗೇ ಒಣಗಿಸಿ ಬೂಷ್ಟು ಬರಿಸಿದ್ದು, ಟಿವಿ ತೂಗುಹಾಕಲು ಗೋಡೆಗೆ ದೊಡ್ಡ ತೂತು ಕೊರೆದದ್ದು, ಒಡೆದ ವಾಶ್‌ಬೇಸಿನ್, ಸೀಳಿದ ಬಾಗಿಲು, ಮಕ್ಕಳು ಗೋಡೆಯುದ್ದ ಗೀಚಿದ ಬಣ್ಣ, ಇವೆಲ್ಲ ಸವಕಳಿಯಲ್ಲ. ಮಾಡು ಸೋರುತ್ತಿದ್ದರೂ ಮಾಲೀಕರಿಗೆ ತಿಳಿಸದೆ ಸುಮ್ಮನಿದ್ದು ಸೀಲಿಂಗ್ ಕೆಟ್ಟರೆ ಅದರಲ್ಲೂ ಬಾಡಿಗೆದಾರರ ಪಾಲಿದೆ ಎಂದು ಮಾಲೀಕರು ವಾದಿಸಬಹುದು. ಆದ್ದರಿಂದ ಸೋರಿದ ದಿನವೇ ಫೋಟೊ ಸಹಿತ ವಾಟ್ಸಾಪ್ ಕಳಿಸಿಡಬೇಕು. ಮಾಲೀಕರು ತಾವು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಇದೇ 108ನೇ ಕಲಂ ಅವಕಾಶ ಕೊಡುತ್ತದೆ.

ಅದೇ ಕಲಂ ಮಾಲೀಕರಿಗೆ ಬಾಡಿಗೆಯ ಅವಧಿಯಲ್ಲೇ ಸಕಾಲದಲ್ಲಿ ಬಂದು ಮನೆಯನ್ನು ನೋಡುವ ಹಕ್ಕನ್ನೂ ಕೊಟ್ಟಿದೆ. ಬಾಡಿಗೆದಾರರ ತಪ್ಪಿನಿಂದ ಕೆಟ್ಟದ್ದು ಕಂಡರೆ ನೋಟಿಸ್ ಕೊಡಬಹುದು, ಆಗ ಮೂರು ತಿಂಗಳೊಳಗೆ ಸರಿಮಾಡಿಸುವ ಹೊಣೆ ಬಾಡಿಗೆದಾರರದ್ದು. ಎರಡು-ಮೂರು ವರ್ಷ ಒಮ್ಮೆಯೂ ಬಂದು ನೋಡದೆ, ಕೊನೆಯ ದಿನ ಉದ್ದ ಪಟ್ಟಿ ತೆಗೆಯುವವರ ವಾದ ಇದರಿಂದಾಗಿ ಸೊರಗುತ್ತದೆ.

ಯಾವ ರಿಪೇರಿ ಯಾರದ್ದು ಎಂಬುದಕ್ಕೆ ಮಾದರಿ ಕಾಯ್ದೆಯ ಎರಡನೇ ಅನುಸೂಚಿ ಒಳ್ಳೆಯ ಕೈಮರ. ಗೋಡೆಯ ಸುಣ್ಣಬಣ್ಣ, ಬಾಗಿಲು-ಕಿಟಕಿಗಳ ಪೈಂಟು, ಪೈಪ್ ಬದಲಾವಣೆ, ವೈರಿಂಗ್, ಕಟ್ಟಡದ ಮೂಲ ರಚನೆಯ ರಿಪೇರಿ ಮಾಲೀಕರ ಪಾಲು. ನಲ್ಲಿಯ ವಾಶರ್, ಸ್ವಿಚ್ಚು, ಸಾಕೆಟ್ಟು, ಬೀಗ, ಕಿಟಕಿಯ ಗಾಜು, ಸೊಳ್ಳೆಪರದೆ, ಚರಂಡಿ ಸ್ವಚ್ಛತೆ ಬಾಡಿಗೆದಾರರ ಪಾಲು. ಕೇರಳದಲ್ಲಿ ಇದಕ್ಕೆ ಕಾನೂನಿನ ಬಲವಿಲ್ಲ. ಆದರೆ ಎಗ್ರಿಮೆಂಟಿಗೆ ಇದೇ ಪಟ್ಟಿಯನ್ನು ಅಂಟಿಸಿ ಇಬ್ಬರೂ ಸಹಿ ಹಾಕಿದರೆ ಆ ಕ್ಷಣದಿಂದ ಅದು ಕರಾರಿನ ಭಾಗ. ವಾಟ್ಸಾಪಿನ ಸುಳ್ಳು ಸುದ್ದಿಯಿಂದ ಸಿಗಬಹುದಾದ ನಿಜವಾದ ಲಾಭ ಇದೊಂದೇ ಇರಬೇಕು.

23,000 ರೂಪಾಯಿಯ ಒಂದು ಲೆಕ್ಕ

ತತ್ತ್ವ ಅರ್ಥವಾಗಲು ಒಂದು ಕಲ್ಪಿತ ಲೆಕ್ಕ ನೋಡೋಣ. ತಿಂಗಳ ಬಾಡಿಗೆ 8,000, ಅಡ್ವಾನ್ಸ್ 40,000. ಎರಡು ವರ್ಷ ಇದ್ದು ಮನೆ ಬಿಟ್ಟಾಗ ಕೈಗೆ ಬಂದದ್ದು 17,000. ಮಾಲೀಕರು ಹೇಳುವ ಕಡಿತ: ಪೈಂಟಿಂಗ್ 12,000, ಪ್ಲಂಬಿಂಗ್ 3,000, ಕ್ಲೀನಿಂಗ್ 2,500, ಕರೆಂಟ್ ಬಿಲ್ 1,500, ನೋಟಿಸ್ ಕೊಡಲು ತಡಮಾಡಿದ್ದಕ್ಕೆ ಅರ್ಧ ತಿಂಗಳ ಬಾಡಿಗೆ 4,000. ಒಟ್ಟು 23,000.

ಕರೆಂಟಿನಿಂದ ಶುರುಮಾಡುವುದು ಒಳ್ಳೆಯದು. ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ ಕೊಡುತ್ತದೆ. ಆದ್ದರಿಂದ ಯಾವ ದಿನ ಮನೆ ಬಿಟ್ಟರೂ ಬಿಲ್ ಆಗದ ಕೆಲವು ಯೂನಿಟ್ ಉಳಿದೇ ಇರುತ್ತದೆ. ಅದನ್ನು ಕೊಡಬೇಕಾದದ್ದು ನ್ಯಾಯ. ಮೀಟರಿನ ಫೋಟೊ ತೆಗೆದಿಟ್ಟಿದ್ದರೆ ಯೂನಿಟ್ ಎಷ್ಟು ಎಂಬುದರಲ್ಲಿ ವಾದವೇ ಇರುವುದಿಲ್ಲ. ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಗೆ ತಿಂಗಳು ತಿಂಗಳು ಕೊಡುವ ಯೂಸರ್ ಫೀ, ನೀರಿನ ಬಿಲ್ ಕೂಡ ಇದೇ ಸಾಲಿನವು. ಕಟ್ಟಡ ತೆರಿಗೆ ಮಾತ್ರ ಮಾಲೀಕರದ್ದು, ಅದನ್ನು ಈ ಪಟ್ಟಿಗೆ ಸೇರಿಸಿದರೆ ಒಪ್ಪಬೇಕಿಲ್ಲ.

ಪೈಂಟಿಂಗ್‌ನ 12,000 ನಿಲ್ಲುವುದು ಕಷ್ಟ. ಎರಡು ವರ್ಷದ ಹಿಂದೆ ಗೋಡೆ ಹೊಸದಾಗಿತ್ತೇ? ಇರಲಿಲ್ಲವಾದರೆ ಪ್ರಶ್ನೆ ಮುಗಿಯಿತು. ಇತ್ತು ಎಂದಾದರೂ, ಪೈಂಟಿನ ಆಯುಷ್ಯ ನಾಲ್ಕು ವರ್ಷ ಎಂದಿಟ್ಟುಕೊಂಡರೆ ಅರ್ಧ ಆಯುಷ್ಯ ಬಾಡಿಗೆ ಕೊಟ್ಟು ಬಳಸಿದ್ದೇ ಆಯಿತು. ಒಂದು ಕೋಣೆಯ ಗೋಡೆ ಮಾತ್ರ ಮಕ್ಕಳ ಕೈಯಲ್ಲಿ ಕೆಟ್ಟಿದ್ದರೆ ಆ ಕೋಣೆಯ ಖರ್ಚಿನ ಅರ್ಧವನ್ನಷ್ಟೇ ಬಾಡಿಗೆದಾರರು ಹೊರಬೇಕು. ಮುಂದಿನವರಿಗಾಗಿ ಇಡೀ ಮನೆಯನ್ನು ಹೊಸದು ಮಾಡಿಸುವ ಖರ್ಚು ಹಿಂದಿನವರ ಹೆಗಲಿಗೆ ಬರಬಾರದು. ಹಳೆಯದರ ಬದಲು ಹೊಸದನ್ನು ಹಾಕಿಸಿ ಪೂರ್ತಿ ಬೆಲೆ ಕಟ್ಟುವುದು ಕಡಿತಗಳಲ್ಲಿ ಎದ್ದುಕಾಣುವ ತಪ್ಪು.

ಪ್ಲಂಬಿಂಗ್ ಎಂದರೆ ಏನು ಎಂದು ಬಿಲ್ ಕೇಳಬೇಕು. ನಲ್ಲಿ ಬದಲಿಸಿದ್ದಾದರೆ ಒಪ್ಪಬಹುದು, ಗೋಡೆಯೊಳಗಿನ ಪೈಪ್ ಒಡೆದದ್ದಾದರೆ ಅದು ಕಟ್ಟಡದ ದೋಷ. ಕ್ಲೀನಿಂಗ್ ಖರ್ಚು ಬಿಟ್ಟ ದಿನದ ಫೋಟೊಗಳ ಮೇಲೆ ನಿಂತಿದೆ. ಗುಡಿಸಿ ಒರೆಸಿ ಕೊಟ್ಟ ಮನೆಗೆ 2,500 ಕೇಳುವುದಕ್ಕೆ ಆಧಾರವಿಲ್ಲ. ನೋಟಿಸಿನ 4,000ದಲ್ಲಿ ಮಾಲೀಕರ ಪಕ್ಷ ಗಟ್ಟಿ, ಏಕೆಂದರೆ ಒಂದು ತಿಂಗಳ ಮುಂಚೆ ತಿಳಿಸುವೆನೆಂದು ಬಾಡಿಗೆದಾರರೇ ಒಪ್ಪಿದ್ದರು. ಆದರೂ ಐದು ದಿನದಲ್ಲಿ ಹೊಸ ಬಾಡಿಗೆದಾರರು ಬಂದರೆ ಆದ ನಷ್ಟ ಐದು ದಿನದ್ದು ಮಾತ್ರ ಎಂದು ವಾದಿಸಲು 74ನೇ ಕಲಂ ದಾರಿ ಬಿಟ್ಟಿದೆ. ಹೀಗೆ ಒಂದೊಂದನ್ನೇ ಬಿಡಿಸಿದರೆ 23,000ದಲ್ಲಿ ನಿಜವಾಗಿ ನಿಲ್ಲುವುದು ಎಷ್ಟೆಂದು ಇಬ್ಬರಿಗೂ ಕಾಣುತ್ತದೆ. ಮೊತ್ತವನ್ನು ಒಟ್ಟಾಗಿ ಹಿಡಿದು ಜಗಳಾಡುವವರೆಗೆ ಯಾರಿಗೂ ಕಾಣುವುದಿಲ್ಲ.

ಮಾಲೀಕರ ಭಯಕ್ಕೂ ಕಾರಣವಿದೆ

ಮಾಲೀಕರೆಲ್ಲ ಹಣ ನುಂಗುವವರು ಎಂಬ ಮಾತು ನ್ಯಾಯವಲ್ಲ. ಒಂದೆರಡು ಕ್ವಾರ್ಟರ್ಸಿನ ಬಾಡಿಗೆಯಲ್ಲೇ ಔಷಧಿ ಖರ್ಚು ನೋಡಿಕೊಳ್ಳುವ ಹಿರಿಯರು, ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಮನೆಯನ್ನು ಬೇರೆಯವರ ಕೈಗೆ ಕೊಟ್ಟವರು ಇಲ್ಲಿ ಬಹಳ. ಬಾಡಿಗೆದಾರರು ಹೇಳದೆ ಕೇಳದೆ ಬಿಟ್ಟುಹೋದರೆ, ಬಾಡಿಗೆ ಉಳಿಸಿಕೊಂಡು ಕೂತರೆ ತೆರವಿಗೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕು. ಅವರ ಕೈಯಲ್ಲಿರುವ ಏಕೈಕ ಭದ್ರತೆ ಅಡ್ವಾನ್ಸ್. ದೊಡ್ಡ ಅಡ್ವಾನ್ಸ್ ಕೇಳುವುದು ಆ ಭಯದಿಂದಲೇ. ಕೋರ್ಟು ನಿಧಾನವಾದಷ್ಟೂ ಅಡ್ವಾನ್ಸ್ ದೊಡ್ಡದಾಗುತ್ತದೆ, ಅಡ್ವಾನ್ಸ್ ದೊಡ್ಡದಾದಷ್ಟೂ ಕಡಿತದ ಆಸೆ ಹೆಚ್ಚುತ್ತದೆ.

ಅಡ್ವಾನ್ಸ್ ಹೇಗೂ ಬರುವುದಿಲ್ಲ ಎಂದು ಕೊನೆಯ ಎರಡು-ಮೂರು ತಿಂಗಳ ಬಾಡಿಗೆ ಕೊಡದೆ ಅದರಲ್ಲೇ ಹಿಡಿದುಕೊಳ್ಳಿ ಎನ್ನುವ ಬಾಡಿಗೆದಾರರ ತಂತ್ರ ಈ ಭಯವನ್ನು ಇನ್ನಷ್ಟು ಬೆಳೆಸುತ್ತದೆ. ಕಾನೂನಿನಲ್ಲೂ ಅದು ಅಪಾಯದ ದಾರಿ. ಬಾಡಿಗೆ ಬಾಕಿ 1965ರ ಕಾಯ್ದೆಯ 11ನೇ ಕಲಮಿನಲ್ಲಿ ತೆರವಿಗೆ ಕಾರಣ. ನ್ಯಾಯ ಕೇಳಲು ಹೋದವರು ತಾವೇ ಕರಾರು ಮುರಿದವರಾಗಿ ನಿಲ್ಲಬೇಕಾಗುತ್ತದೆ. ಮಾಲೀಕರು ಲಿಖಿತವಾಗಿ ಒಪ್ಪಿದ್ದರೆ ಮಾತ್ರ ಹಾಗೆ ಮಾಡಬಹುದು.

ಗಲ್ಫಿನ ಮಾಲೀಕರ ವಿಷಯದಲ್ಲಿ ಇನ್ನೊಂದು ತೊಡಕು. ಎಗ್ರಿಮೆಂಟ್ ಒಬ್ಬರ ಹೆಸರಲ್ಲಿ, ಹಣ ಹೋದದ್ದು ಅವರ ತಮ್ಮನ ಖಾತೆಗೆ, ಕೀಲಿಕೈ ಕೊಟ್ಟದ್ದು ಬ್ರೋಕರ್. ಬಿಡುವಾಗ ಮೂವರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಅಡ್ವಾನ್ಸ್ ಯಾರಿಗೆ, ಯಾವ ಖಾತೆಗೆ ಕೊಡಲಾಯಿತು, ಹಿಂದಿರುಗಿಸುವ ಹೊಣೆ ಯಾರದ್ದು ಎಂಬ ಸಾಲು ಎಗ್ರಿಮೆಂಟಿನಲ್ಲೇ ಇದ್ದರೆ ಈ ಆಟಕ್ಕೆ ಎಡೆಯಿಲ್ಲ.

ಬಾಯಿಮಾತು ಬಿಟ್ಟು ಕಾಗದಕ್ಕೆ

ಮನೆ ಬಿಟ್ಟ ಮೇಲೆ ಮೊದಲ ಹೆಜ್ಜೆ ಫೋನಿನಲ್ಲಿ ಕೂಗಾಡುವುದಲ್ಲ, ಪತ್ರ ಬರೆಯುವುದು. ಯಾವ ತಾರೀಕಿಗೆ ಕೀಲಿಕೈ ಕೊಟ್ಟದ್ದು, ಅಡ್ವಾನ್ಸ್ ಎಷ್ಟು, ವಾಪಸ್ ಬಂದದ್ದೆಷ್ಟು, ಪ್ರತಿ ಕಡಿತಕ್ಕೂ ಬಿಲ್ ಮತ್ತು ಫೋಟೊ ಕೊಡಿ, ಒಪ್ಪುವ ಕಡಿತಗಳು ಇವು, ಒಪ್ಪದವು ಇವು, ಇಷ್ಟು ದಿನದೊಳಗೆ ಉಳಿದ ಹಣ ಕೊಡಿ. ಹದಿನೈದು ದಿನದ ಗಡುವು ಸಾಕು. ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಟ್ಟರೆ ಉಳಿದ ವಾದಕ್ಕೆ ತೂಕ ಬರುತ್ತದೆ. ಕೊಡದಿದ್ದರೆ ಬಡ್ಡಿಯನ್ನೂ ಕೇಳುತ್ತೇನೆ ಎಂಬ ಸಾಲನ್ನು ಸೇರಿಸಲು ಮರೆಯಬಾರದು. 1978ರ ಬಡ್ಡಿ ಕಾಯ್ದೆಯ ಪ್ರಕಾರ ಹಾಗೆ ಬರೆದು ಕೇಳಿದ ದಿನದಿಂದ ಬಡ್ಡಿ ಕೊಡಿಸುವ ಅವಕಾಶ ಕೋರ್ಟಿಗಿದೆ.

ಪತ್ರ ತಲುಪಿದ್ದಕ್ಕೆ ಪುರಾವೆ ಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿರುವುದರಿಂದ ಈಗ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಶೀದಿ ಮತ್ತು ತಲುಪಿದ ದಾಖಲೆಯನ್ನು ತೆಗೆದಿಡಬೇಕು. ವಾಟ್ಸಾಪ್ ಮಾತುಕತೆ, ಫೋಟೊ, ವಿಡಿಯೊಗಳೂ ಸಾಕ್ಷ್ಯವೇ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಡಿಜಿಟಲ್ ದಾಖಲೆಗಳಿಗೆ ಕೇಳುವ ಪ್ರಮಾಣಪತ್ರವನ್ನು ಅವುಗಳ ಜೊತೆ ಕೊಡಬೇಕು. ಮೂಲ ಫೋನನ್ನು ಮಾರಿಬಿಡದೆ, ಚಾಟ್ ಅಳಿಸದೆ ಇಟ್ಟುಕೊಳ್ಳುವುದು ಅದಕ್ಕಾಗಿ.

ಸ್ಟೇಷನ್, ಅದಾಲತ್, ಮುನ್ಸಿಫ್ ಕೋರ್ಟ್

ಜನ ಮೊದಲು ಹೋಗುವುದು ಪೊಲೀಸ್ ಸ್ಟೇಷನ್ನಿಗೆ. ಬೆದರಿಕೆ ಹಾಕಿದರೆ, ಸಾಮಾನು ಹಿಡಿದಿಟ್ಟುಕೊಂಡರೆ, ಹೊಡೆದರೆ ಹೋಗಲೇಬೇಕು. ಬರೀ ಕಡಿತದ ತಕರಾರು ಸಿವಿಲ್ ವ್ಯಾಜ್ಯ. ಹಣ ಕೊಡಿಸುವ ಅಧಿಕಾರ ಪೊಲೀಸರಿಗಿಲ್ಲ.

ಸಣ್ಣ ಮೊತ್ತಕ್ಕೆ ನಿಜವಾಗಿ ಹೊಂದುವ ದಾರಿ ಕಾನೂನು ಸೇವಾ ಪ್ರಾಧಿಕಾರ. ಕೇಸು ಹಾಕುವ ಮೊದಲೇ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಬಹುದು. ಕೋರ್ಟ್ ಫೀ ಇಲ್ಲ. ರಾಜಿಯಾದರೆ ಅದಾಲತ್‌ನ ತೀರ್ಪಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಬೆಲೆ, ಮೇಲ್ಮನವಿಯೂ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಕರೆಮಾಡಿ ಕೇಳಬಹುದು. ಇದರ ಕೊರತೆಯೂ ಸ್ಪಷ್ಟ. ಎದುರಿನವರು ಬಾರದಿದ್ದರೆ, ಬಂದರೂ ಒಪ್ಪದಿದ್ದರೆ ಅದಾಲತ್ ಏನೂ ಮಾಡಲಾರದು. ಆದರೂ ಕೋರ್ಟಿನ ಆವರಣಕ್ಕೆ ಬರಲು ಕಾಗದ ಬಂದ ಮೇಲೆ ಮಾಲೀಕರು ಮತ್ತೊಮ್ಮೆ ಲೆಕ್ಕ ನೋಡುವ ಸಾಧ್ಯತೆ ಹೆಚ್ಚು.

ಅಲ್ಲಿ ಮುಗಿಯದಿದ್ದರೆ ಮನೆಯಿರುವ ವ್ಯಾಪ್ತಿಯ ಮುನ್ಸಿಫ್ ಕೋರ್ಟಿನಲ್ಲಿ ಹಣ ವಸೂಲಿಯ ದಾವೆ. ಕಾಲಮಿತಿ ಮೂರು ವರ್ಷ. ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಫೀ, ವಕೀಲರ ಖರ್ಚು, ಗೆದ್ದರೂ ಹಣ ಬಾರದಿದ್ದರೆ ತೀರ್ಪನ್ನು ಜಾರಿ ಮಾಡಿಸಲು ಮತ್ತೆ ಅಮಲ್ಜಾರಿ ಅರ್ಜಿ. 10,000 ರೂಪಾಯಿಗಾಗಿ ಇಷ್ಟನ್ನು ಹೊರುವವರು ಕಡಿಮೆ, ಮಾಲೀಕರಿಗೂ ಅದು ಗೊತ್ತು. ಸಣ್ಣ ಕಡಿತಗಳು ಪ್ರಶ್ನೆಯಿಲ್ಲದೆ ಉಳಿಯುವುದು ಕಾನೂನು ಮಾಲೀಕರ ಪರವಾಗಿರುವುದರಿಂದಲ್ಲ, ಕಾನೂನಿನವರೆಗೆ ಹೋಗುವ ದಾರಿ ದುಬಾರಿಯಾಗಿರುವುದರಿಂದ.

ಪಿಜಿ ಬಿಟ್ಟವರಿಗೆ ಬೇರೆ ಬಾಗಿಲು

ಗ್ರಾಹಕ ಆಯೋಗಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಬರೀ ಮನೆ ಬಾಡಿಗೆಯ ವಿಷಯದಲ್ಲಿ ಉತ್ತರ ಸಾಮಾನ್ಯವಾಗಿ ಇಲ್ಲ. ಗೋಡೆ-ಮಾಡನ್ನು ಬಾಡಿಗೆಗೆ ಕೊಡುವುದು ಸೇವೆಯಲ್ಲ ಎಂಬ ವಾದ ಅಲ್ಲಿ ಗೆಲ್ಲುತ್ತದೆ. ಆದರೆ ಪಿಜಿ, ಖಾಸಗಿ ಹಾಸ್ಟೆಲುಗಳ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆ ಎಂಬುದರೊಳಗೆ ಊಟ, ವಸತಿ ಅಥವಾ ಎರಡನ್ನೂ ಹೆಸರಿಸಿಯೇ ಸೇರಿಸಿದೆ.

ಮಂಗಳೂರು, ದೇರಳಕಟ್ಟೆಯ ಪಿಜಿಗಳಲ್ಲಿ ಇದ್ದು ಓದಿದ ಕಾಸರಗೋಡಿನ ಮಕ್ಕಳಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ. ಸಿವಿಲ್ ದಾವೆಯಾದರೆ ಎದುರಿನವರು ಇರುವಲ್ಲಿಗೋ ವ್ಯವಹಾರ ನಡೆದಲ್ಲಿಗೋ ಹೋಗಬೇಕು. ಗ್ರಾಹಕ ಕಾಯ್ದೆಯ 34ನೇ ಕಲಂ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಬಿಡುತ್ತದೆ. ಅಂದರೆ ಗಡಿಯಾಚೆಯ ಪಿಜಿಯ ಮೇಲೆ ಕಾಸರಗೋಡಿನ ಜಿಲ್ಲಾ ಆಯೋಗದಲ್ಲಿ ದೂರು ಹಾಕಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀ ಇಲ್ಲ, ಆನ್‌ಲೈನಿನಲ್ಲೂ ಕೊಡಬಹುದು, ಕಾಲಮಿತಿ ಎರಡು ವರ್ಷ. ಪಿಜಿ ಬಿಟ್ಟುಬಂದ ಮಕ್ಕಳ ಐದು-ಹತ್ತು ಸಾವಿರದ ಅಡ್ವಾನ್ಸ್ ಹೋದರೆ ಹೋಗಲಿ ಎಂದು ಬಿಡುವ ಹೆತ್ತವರಿಗೆ ಇದು ತಿಳಿದಿರಬೇಕು.

ಕೇರಳ ಹೊಸ ಕಾಯ್ದೆ ತಂದರೆ

ಎರಡು ತಿಂಗಳ ಮಿತಿಯನ್ನೇ ಎಲ್ಲರೂ ಮಾತಾಡುತ್ತಾರೆ. ಅದು ಬಂದರೆ ಕೆಲವು ಮಾಲೀಕರು ಬಾಡಿಗೆ ಏರಿಸಬಹುದು, ಕೆಲವರು ಉಳಿದದ್ದನ್ನು ರಶೀದಿಯಿಲ್ಲದೆ ಕೈಯಲ್ಲೇ ಕೇಳಬಹುದು. ರಶೀದಿಯಿಲ್ಲದ ಹಣ ಇಂದಿನ ಅಡ್ವಾನ್ಸ್‌ಗಿಂತಲೂ ಅಪಾಯದಲ್ಲಿರುತ್ತದೆ. ಮಾದರಿ ಕಾಯ್ದೆಯಲ್ಲಿ ನಿಜವಾಗಿ ಬೆಲೆಬಾಳುವುದು ಬೇರೆ ಎರಡು ಏರ್ಪಾಡುಗಳು. ಜಿಲ್ಲೆಯಲ್ಲೇ ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಬಾಡಿಗೆ ಪ್ರಾಧಿಕಾರ ಒಂದು. ಬಾಡಿಗೆ ಕೋರ್ಟಿನಲ್ಲಿ 60 ದಿನದೊಳಗೆ ಅರ್ಜಿ ತೀರಿಸಬೇಕೆಂಬ ಗುರಿ ಇನ್ನೊಂದು. ಮಾಲೀಕರಿಗೆ ತೆರವು ಬೇಗ ಸಿಕ್ಕರೆ ದೊಡ್ಡ ಅಡ್ವಾನ್ಸ್‌ನ ಅಗತ್ಯವೇ ಕುಗ್ಗುತ್ತದೆ. ಬಾಡಿಗೆದಾರರಿಗೆ 10,000 ರೂಪಾಯಿಯ ತಕರಾರೂ ಕೇಳಿಸಬಲ್ಲ ಜಾಗ ಸಿಗುತ್ತದೆ.

ಕಾಸರಗೋಡಿನ ಕನ್ನಡಿಗರು ಆಗ ಗಮನಿಸಬೇಕಾದ ಒಂದು ಸಾಲು ಆ ಮಾದರಿಯಲ್ಲಿದೆ. ಬಾಡಿಗೆ ಪ್ರಾಧಿಕಾರದ ಡಿಜಿಟಲ್ ವ್ಯವಸ್ಥೆ ಸ್ಥಳೀಯ ಭಾಷೆಯಲ್ಲಿ ಅಥವಾ ರಾಜ್ಯದ ಭಾಷೆಯಲ್ಲಿ ಇರಬೇಕು ಎನ್ನುತ್ತದೆ ಅದು. ‘ಅಥವಾ’ ಎಂದಿರುವುದರಿಂದ ಮಲಯಾಳ ಒಂದರಲ್ಲೇ ಮಾಡಿದರೂ ಮಾದರಿ ಮುರಿದಂತಾಗುವುದಿಲ್ಲ. ಆದರೆ ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಎಗ್ರಿಮೆಂಟಿನ ನಮೂನೆ, ರಿಪೇರಿಯ ಪಟ್ಟಿ, ದೂರಿನ ಅರ್ಜಿ ಇವು ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲೂ ಇರಬೇಕೆಂಬ ಬೇಡಿಕೆಯನ್ನು ಮಸೂದೆಯ ಕರಡು ಬರುವ ಹಂತದಲ್ಲೇ ಇಡಬೇಕು. ನಿಯಮಾವಳಿ ಅಚ್ಚಾದ ಮೇಲೆ ಕೇಳಿದರೆ ಅದು ತಿದ್ದುಪಡಿಯ ಕಡತವಾಗಿ ತಿರುವನಂತಪುರದಲ್ಲಿ ಕೂರುತ್ತದೆ.